ಬಟ್ಟಲಿನ ನೀರು

ಕೆಂಪಾಪುರ, ಮಾಗಡಿ ತಾಲ್ಲೂಕು
15-7-2024

ಪ್ರೀತಿಯ ಭಾನುವಿನ ಅಪ್ಪನಿಗೆ, ಕರ್ತನಲ್ಲಿ ಜ್ಯೋತಿಯ ವಂದನೆ.

‘ಪ್ರೀತಿಯ’ ಎಂದು ಬರೆದು, ಹೊಡೆದುಹಾಕಿ, ಮತ್ತೆ ಬರೆದಿದ್ದೇನೆ. ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀರಿ. ಫೋನಿನಲ್ಲಿ ನೀವು ಅತ್ತರೆ ನಾನು ತಿರುಗಿ ಅಕ್ಕೂರಿನ ಬಸ್ಸು ಹತ್ತಿಬಿಡುತ್ತೇನೆ. ಅದಕ್ಕೇ ಕಾಗದ.

ಭಾನುವನ್ನು ಇಲ್ಲಿನ ಶಾಲೆಗೆ ಸೇರಿಸಿದ್ದೇವೆ. ನನ್ನ ಕೈ ಪರವಾಗಿಲ್ಲ. ರೇಷ್ಮೆ ಹುಳುಮನೆಯಲ್ಲಿ ಜಾರಿ ಬಿದ್ದೆ ಎಂದು ನನ್ನ ಅಪ್ಪನಿಗೆ ಹೇಳಿದ್ದೇನೆ. ನಂಬಿದವರಂತೆ ಇದ್ದಾರೆ, ಪಾಪ.

ನಾನು ಹೊರಟು ಬರುವ ಹಿಂದಿನ ಭಾನುವಾರ ಪಾಸ್ಟರ್ ಜಯಕುಮಾರ್ ಕಡೆಯ ದಿನಗಳ ಪಾಠ ಹೇಳಿದರು. ನೀವು ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದಿರಿ. ಕೇಡು ಈಗಲೇ ಒಳಗೊಳಗೆ ಕೆಲಸ ಮಾಡುತ್ತಿದೆಯಂತೆ. ಅದನ್ನು ಒಬ್ಬಾತ ತಡೆದು ನಿಲ್ಲಿಸಿದ್ದಾನೆ, ಆತ ದಾರಿಯಿಂದ ಸರಿದ ದಿನ ಅದು ಮುಖ ತೋರಿಸುತ್ತದೆ ಎಂದರು. ತಡೆಯುವಾತ ಯಾರು? ಪವಿತ್ರಾತ್ಮ ಅನ್ನುವವರಿದ್ದಾರೆ, ಸಭೆ ಅನ್ನುವವರಿದ್ದಾರೆ, ಕಾನೂನು ಅನ್ನುವವರೂ ಇದ್ದಾರೆ. ಆ ಪತ್ರಿಕೆ ಬರೆದ ಪೌಲ ಹೆಸರು ಹೇಳಲಿಲ್ಲ. ಕೈಗೆ ಬ್ಯಾಂಡೇಜ್ ಕಟ್ಟಿಕೊಂಡು ಕೂತಿದ್ದ ನನಗೆ ಮಾತ್ರ ಅತ್ತೆಯ ಮುಖ ಕಂಡಿತು. ಪಾಸ್ಟರಿಗೆ ಹೇಳಿದರೆ ಬೈಯುತ್ತಾರೆ.

ಹುಳುವಿನ ಸ್ಟ್ಯಾಂಡಿಗೆ ಇರುವೆ ಹತ್ತದಿರಲೆಂದು ಅದರ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಡುತ್ತೇವಲ್ಲ, ಹತ್ತು ವರ್ಷದಲ್ಲಿ ಒಂದು ದಿನವೂ ಆ ಬಟ್ಟಲುಗಳು ಒಣಗಿದ್ದನ್ನು ನಾನು ಕಾಣಲಿಲ್ಲ. ಸೊಪ್ಪು ಕೊಯ್ದೆ, ಹೆಚ್ಚಿದೆ, ಹಾಕಿದೆ. ನೀರು ಯಾರು ತುಂಬುತ್ತಾರೆಂದು ಕೇಳಲಿಲ್ಲ, ನನ್ನಂಥ ಪೆದ್ದಿ. ಅತ್ತೆ ತೀರಿಕೊಂಡ ಮೇಲಿನ ಮೊದಲ ಬೆಳೆಯಲ್ಲೇ ನಾಲ್ಕನೇ ಜ್ವರ ಎದ್ದು ಪೊರೆ ಕಳಚಿದ್ದ ಹುಳುಗಳಿಗೆ ಇರುವೆ ಮುತ್ತಿತು. ಬಟ್ಟಲುಗಳ ತಳ ಕಾಣುತ್ತಿತ್ತು. ಆವತ್ತು ನೀವು ಮೊದಲ ಸಲ ನನ್ನ ಮೇಲೆ ಕೈ ಮಾಡಿದಿರಿ. ಎರಡನೆಯ ಸಲಕ್ಕೆ ಇರುವೆಯೂ ಬೇಕಾಗಲಿಲ್ಲ.

ಮೊದಲೆಲ್ಲ ನಿಮ್ಮ ದನಿ ಏರಿದಾಗ ಅತ್ತೆ ಅಡಿಗೆಮನೆ ಬಾಗಿಲಲ್ಲಿ ಕೈ ಅಗಲಿಸಿ ನಿಲ್ಲುತ್ತಿದ್ದರು. ನೀವು ತಿರುಗಿ ತೋಟಕ್ಕೆ ಹೋಗುತ್ತಿದ್ದಿರಿ. ಅದನ್ನು ನಿಮ್ಮ ಒಳ್ಳೆಯತನ ಅಂದುಕೊಂಡು ತವರಿನಲ್ಲೆಲ್ಲ ಮೆರೆದೆ. ಈಗಲೂ ನಿಮ್ಮನ್ನು ಕೆಟ್ಟವರೆಂದು ಬರೆಯಲು ಮನಸ್ಸು ಬರುತ್ತಿಲ್ಲ. ಸಂಜೆಯಾದರೆ ನೀವು ಏನು ಉಂಡಿರೋ ಎಂದು ಸಂಕಟವಾಗುತ್ತದೆ.

ಆದರೆ ಕೈ ಮುರಿದ ದಿನ ನೀವು ಸರಿಯಾಗಿ ನೋಡಲಿಲ್ಲ, ನಾನು ನೋಡಿದೆ. ಭಾನು ಅದೇ ಬಾಗಿಲಲ್ಲಿ ಅತ್ತೆಯ ಹಾಗೇ ಎರಡೂ ಕೈ ಅಗಲಿಸಿ ನಿಂತಿದ್ದಳು. ಒಂಬತ್ತು ವರ್ಷದ ಮಗು. ಆ ಕೆಲಸ ನನ್ನ ಮಗಳಿಗೆ ಬೇಡ.

ಬಾ ಎಂದು ಯಾರನ್ನೂ ಕಳಿಸಬೇಡಿ. ತಡೆಯುವವರಿಲ್ಲದ ಮನೆಯಲ್ಲಿ ನಿಮ್ಮನ್ನು ನೀವೇ ಹಿಡಿದುಕೊಳ್ಳಲು ಆಗುತ್ತದೆಯೇ ನೋಡಿ. ಪ್ರಾರ್ಥನೆ ಮಾಡುತ್ತಿದ್ದೇನೆ.

ಇಂತಿ,
ಜ್ಯೋತಿಲಕ್ಷ್ಮಿ

ತಾ.ಕ.: ಇದನ್ನು ಮರೆತಿರಲಿಲ್ಲ, ಬರೆಯಲು ಅಂಜಿದ್ದೆ. ಅತ್ತೆ ಹೋಗುವ ಹಿಂದಿನ ದಿನ ನಿಮ್ಮನ್ನು ಮಾತ್ರೆ ತರಲು ಕಳಿಸಿ ನನ್ನ ಕೈ ಹಿಡಿದುಕೊಂಡರು. “ನಾ ಹೋದ್ಮೇಲೆ ಮಗೀನ ಕರ್ಕಂಡು ನಿಮ್ಮಪ್ಪನ ಮನೆಗೆ ಹೊಂಟೋಗವ್ವ. ನನ್ ಮಗ ಮುನೇಸನ್ನ ನಾನು ತಿದ್ನಿಲ್ಲ, ಹಿಡ್ಕಂಡಿದ್ದೆ ಅಷ್ಟೇಯ” ಎಂದರು. ಸಾಯುವವರ ಬಡಬಡಿಕೆ ಎಂದು ಸುಮ್ಮನಾದೆ. ನಿಮ್ಮನ್ನು ಹೆತ್ತವರ ಮಾತಿಗಿಂತ ಆಗ ನಾನು ನಿಮ್ಮನ್ನೇ ನಂಬಿದ್ದೆ.