ಹತ್ತರವರೆಗೆ ಎಣಿಸಿ

ಮೇ 12, ಸೋಮವಾರ. ಬೆಳಿಗ್ಗೆ 8.15

ಹದಿನೈದು ಚಿತ್ರದ ಕಾರ್ಡು. ನಾಲ್ಕು ಸರಿ. ಚಮಚ, ಬಾಗಿಲು, ಹಸು, ನೀರು. ಕೊಡೆ ತೋರಿಸಿದರೆ ಇವರು "ಬ... ಬಸ್ಸು" ಅಂದರು. ತಪ್ಪು ಅಂತ ಅವರಿಗೇ ಗೊತ್ತಾಯಿತು. ಎಡಗೈಯಿಂದ ಕಾರ್ಡು ದೂಡಿ ನೆಲಕ್ಕೆ ಹಾಕಿದರು. ಕಾಫಿಯೂ ಬೇಡ.

ಇವರಿಗೆ ಮಾತು ಕಲಿಸುವ ಪ್ರೀತಿಕಾ ಮೇಡಂ ಕೊಟ್ಟ ಪುಸ್ತಕದಲ್ಲಿ ಬರೆದದ್ದು: "15ರಲ್ಲಿ 4. ಮೂಡ್ ಪರವಾಗಿಲ್ಲ." ಈ ಪುಸ್ತಕ ಬೇರೆ. ಇದು ಅಕ್ಕಿ ಡಬ್ಬದ ಹಿಂದೆ ಇರುವುದು.

ಸ್ಟ್ರೋಕ್ ಆಗಿ ಇವತ್ತಿಗೆ ಅರುವತ್ತೇಳು ದಿನ. ನೆಟ್ಟಣ ಸ್ಟೇಷನ್ನಿನಲ್ಲಿ ಇಪ್ಪತ್ತೆರಡು ವರ್ಷ ಆಟೋ ಓಡಿಸಿದ ಮನುಷ್ಯ. ರೈಲು ಇಳಿದವರ ಮುಖ ನೋಡಿಯೇ ಭಾಷೆ ತೆಗೆಯುತ್ತಿದ್ದರು. ತುಳು, ಮಲಯಾಳ, ಬ್ಯಾರಿ... ಹಿಂದಿ ಕೂಡ. "ಬಾಯಿ ಇದ್ದರೆ ಪೆಟ್ರೋಲೇ ಬೇಡ" ಅಂತ ನಾನೇ ಎಷ್ಟು ಸಲ ತಮಾಷೆ ಮಾಡಿದ್ದೇನೆ.

ಮೇ 14, ಬುಧವಾರ. ಪುತ್ತೂರಿನಿಂದ ಬಂದ ಮೇಲೆ

ಮೇಡಂ ಹತ್ತಿರ ಬೈಸಿಕೊಂಡೆ. ನನ್ನ ಅರ್ಧ ವಯಸ್ಸಿನ ಹುಡುಗಿ.

"ಪ್ರೇಮಕ್ಕಾ, ಅವರ ಮಾತು ನೀವೇ ಹೇಳಿಕೊಡುದು ನಿಲ್ಲಿಸ್ಬೇಕು. ಮಾಯಿಲಪ್ಪಣ್ಣ ತಡೆದು ನಿಂತಾಗ ಮನಸ್ಸಲ್ಲೇ ಹತ್ತರವರೆಗೆ ಎಣಿಸಿ. ಸುಮ್ಮನೆ ಕಾಯಿರಿ."

ಕಾದೆ. ಆರಕ್ಕೇ ಬಾಯಿ ತಡೆಯದೆ "ಅನ್ನ" ಅಂದುಬಿಟ್ಟೆ. ಮೇಡಂ ಪೆನ್ನಿನಿಂದ ಮೇಜು ತಟ್ಟಿದರು. ಇವರು ಗೋಡೆ ನೋಡಿದರು.

ಹೊರಡುವಾಗ ಮೇಡಂ ಇನ್ನೊಂದು ಮಾತು ಹೇಳಿದರು. "ತಲೆಯಲ್ಲಿ ಎಲ್ಲ ಉಂಟು ಅಕ್ಕ. ನಾವು ಹೇಳುದು ಅರ್ಥ ಆಗ್ತದೆ. ಹೊರಗೆ ಬರುವ ದಾರಿ ಮಾತ್ರ ಬಂದಾಗಿರುದು."

"ನೆನಪು?"

"ಎಲ್ಲ ಉಂಟು."

ಪ್ಯಾಸೆಂಜರ್ ರೈಲಿನಲ್ಲಿ ಎದುರು ಸೀಟಿನಲ್ಲಿ ಕೂತು ನನ್ನನ್ನೇ ನೋಡುತ್ತಿದ್ದರು. ನೆಟ್ಟಣದವರೆಗೂ. ನಾನು ಕಿಟಕಿ ಕಡೆ ತಿರುಗಿ ಕೂತೆ.

ಇನ್ನೊಂದು... ಮನೆಯಲ್ಲಿ ಕನ್ನಡವೇ ಅಲ್ವಾ ಅಂತ ಮೇಡಂ ಇವತ್ತೂ ಕೇಳಿದರು. ಹೌದು ಅಂದೆ. ಮೊದಲ ದಿನ ಆಸ್ಪತ್ರೆಯಲ್ಲಿ ಮರ್ಯಾದೆಗೆ ಅಂತ ಹೇಳಿದ್ದು. ದೊಡ್ಡವರ ಎದುರು ನಾವೆಲ್ಲ ಹಾಗೇ. ಮನೆಯಲ್ಲಿ ನಮ್ಮದು ಅರೆಭಾಷೆ. ಇವತ್ತು ತಿದ್ದಬಹುದಿತ್ತು. ತಿದ್ದಲಿಲ್ಲ.

ಮೇ 17, ಶನಿವಾರ

ಬರೆದುಬಿಡುತ್ತೇನೆ. ಇಲ್ಲಿ ಬರೆಯದಿದ್ದರೆ ಎಲ್ಲಾದರೂ ಬಾಯಿಂದ ಬಿದ್ದೀತು.

ಮಾರ್ಚ್ 6. ಶಾಲೆಯ ಬಿಸಿಯೂಟದ ಅಡುಗೆಮನೆ. ಸಾಂಬಾರಿಗೆ ಒಗ್ಗರಣೆ ಹಾಕುತ್ತಿದ್ದೆ. 12.40ಕ್ಕೆ ಇವರ ಫೋನ್. ಬಾಯಿ ತುಂಬ ಎಲೆಯಡಿಕೆ ಇದ್ದ ಹಾಗೆ ಏನೋ ಬಬ್ಬಬ್ಬ. ಪ್ಯಾಸೆಂಜರುಗಳ ದನಿ ಅಣಕಿಸಿ ನನ್ನನ್ನು ನಗಿಸುವುದು ಇವರ ಅಭ್ಯಾಸ. "ಮಂಗಾಟ ಸಾಕು, ಮಕ್ಕಳಿಗೆ ಬಡಿಸುವ ಹೊತ್ತು" ಅಂತ ಕಟ್ ಮಾಡಿದೆ. ಪುನಃ ಬಂತು. ಪುನಃ. ನನ್ನ ಜೊತೆ ಅಡುಗೆ ಮಾಡುವ ಸುಹರಾ "ಪ್ರೇಮಕ್ಕಾ, ಫೋನ್ ಬರ್ತಾ ಉಂಟು" ಅಂದಳು. ಸೈಲೆಂಟ್ ಮಾಡಿ ಚೀಲಕ್ಕೆ ಹಾಕಿದೆ.

ಮೂರಕ್ಕೆ ಮನೆಗೆ ಬಂದರೆ ಜಗಲಿಯಲ್ಲಿ ಬಿದ್ದಿದ್ದರು. ಫೋನ್ ಎಡಗೈಯಲ್ಲೇ ಇತ್ತು.

ಆಸ್ಪತ್ರೆ ತಲುಪಿದಾಗ ನಾಲ್ಕೂವರೆ. ಇವರ ಅಕ್ಕ, ವಸುಮತಿ ಅತ್ತಿಗೆ, ಸುದ್ದಿ ಕೇಳಿ ಮಂಡೆಕೋಲಿನಿಂದ ನಮಗಿಂತ ಮೊದಲೇ ಬಂದು ಬಾಗಿಲಲ್ಲಿ ನಿಂತಿದ್ದರು. ಡಾಕ್ಟರು ಕೇಳಿದರು: "ಎಷ್ಟು ಹೊತ್ತಿಗೆ ಶುರು ಆದದ್ದು? ಸರಿಯಾಗಿ ಹೇಳಿ. ನಾಲ್ಕೂವರೆ ಗಂಟೆ ಒಳಗೆ ಆದ್ರೆ ಕೊಡುವ ಒಂದು ಇಂಜೆಕ್ಷನ್ ಉಂಟು."

12.40 ಅಂತ ಹೇಳಿದ್ದರೆ, ನೀನು ಇಷ್ಟು ಹೊತ್ತು ಎಂತ ಮಾಡುತ್ತಿದ್ದೆ ಅಂತ ಅತ್ತಿಗೆ ಕೇಳುತ್ತಿದ್ದರು. "ಗೊತ್ತಿಲ್ಲ ಡಾಕ್ಟ್ರೆ, ನಾನು ನೋಡಿದ್ದೇ ಮೂರಕ್ಕೆ" ಅಂದೆ.

ಶುರುವಾದ ಹೊತ್ತು ಗೊತ್ತಿಲ್ಲದೆ ಕೊಡುವ ಹಾಗಿಲ್ಲವಂತೆ, ಇಂಜೆಕ್ಷನ್ ಕೊಡಲಿಲ್ಲ. ಸ್ಟ್ರೆಚರಿನಲ್ಲಿ ಇವರ ಕಣ್ಣು ತೆರೆದೇ ಇತ್ತು.

ಮರುದಿನ ನೋಡಿದರೆ ಇವರ ಫೋನಿನಲ್ಲಿ ನನಗೆ ಮಾಡಿದ್ದು ಒಟ್ಟು ಆರು ಕಾಲ್, ಎಲ್ಲ ಅಳಿಸಿದೆ. ಸುಹರಾ ಈವರೆಗೆ ಒಂದು ಮಾತು ಕೇಳಿಲ್ಲ. ಅದೂ ಹೆದರಿಕೆಯೇ. ಇವರಿಗೆ ಮಾತು ಬರಲಿ ಅಂತ ಸುಬ್ರಹ್ಮಣ್ಯಕ್ಕೆ ಹರಕೆ ಹೇಳಿಕೊಂಡವಳು ನಾನು. ಕಾರ್ಡು ತಪ್ಪಿದಾಗೆಲ್ಲ ಒಳಗೊಳಗೆ ಉಸಿರು ಬಿಡುವವಳೂ ನಾನೇ. ಎಂಥ ಹೆಂಗಸು ನಾನು.

ಮೇ 24, ಶನಿವಾರ

ವಸುಮತಿ ಅತ್ತಿಗೆ ಬಂದಿದ್ದಾರೆ. ಚಪ್ಪಲಿ ಕಳಚುವ ಮೊದಲೇ ಜಗಲಿಯಿಂದ ಕೂಗಿದರು. "ಹೇಂಗುಟ್ಟು ತಮ್ಮಾ?"

"ಒಳ್ಳೆದುಟ್ಟು" ಅಂದರು ಇವರು.

ತಡವರಿಸದೆ! ನನ್ನ ಕೈಯಿಂದ ಸೌಟು ಬಿತ್ತು. ಗಂಜಿ ಬೇಕಾ ಅಂತ ಅತ್ತಿಗೆ ಕೇಳಿದರೆ, "ಬೇಡ... ಚಾ... ಉಟ್ಟಾ?"

ಅತ್ತಿಗೆ ನನ್ನ ಕಡೆ ತಿರುಗಿದರು. "ನೀ ಎಂತಕೆ ಅವನೊಟ್ಟಿಗೆ ಕನ್ನಡ ಮಾತಾಡ್ದು ಪ್ರೇಮಾ? ಮನೆಲಿ ನಮ್ಮ ಭಾಷೆ ಇಲ್ಲೆನಾ?"

ಮೇಡಂ ಹೇಳಿದ್ದು ಅಂದೆ. ಮೂವತ್ತು ವರ್ಷದ ಸಂಸಾರದಲ್ಲಿ ಇವರ ಹತ್ತಿರ ಒಂದು ದಿನವೂ ನಾನು ಕನ್ನಡ ಆಡಿದವಳಲ್ಲ. ಈ ಎರಡೂವರೆ ತಿಂಗಳು ಬರೀ ಅದೇ. ರೈಲಿನಿಂದ ಇಳಿದ ಯಾವುದೋ ಗಿರಾಕಿಯನ್ನು ನೋಡುವ ಹಾಗೆ ಇವರು ನನ್ನನ್ನು ನೋಡುತ್ತಿದ್ದದ್ದು ಅದಕ್ಕೇ ಇರಬೇಕು.

ಮೇ 28, ಬುಧವಾರ. ಸಂಜೆ

ಅತ್ತಿಗೆಯೂ ಪುತ್ತೂರಿಗೆ ಬಂದರು. ಕುರ್ಚಿಯಲ್ಲಿ ಕೂರುವ ಮೊದಲೇ ಭಾಷೆಯ ವಿಷಯ ಹೇಳಿಯಾಯಿತು. ಮೇಡಂ ಬೈಯಲಿಲ್ಲ. "ತುಂಬ ಜನ ಹೀಗೆ ಮಾಡ್ತಾರೆ" ಅಂದರು. ಕಾರ್ಡುಗಳನ್ನು ಪಕ್ಕಕ್ಕಿಟ್ಟರು.

ಸೋಮವಾರ ಶಾಲೆ ಶುರು. ಹಗಲು ಇವರೊಬ್ಬರೇ. ಹಾಗಾಗಿ ಫೋನಿನಲ್ಲಿ ಹೇಳಲು ಒಂದು ಮಾತು ಬೇಕು ಅಂತ ಮೇಡಂ. ನಮ್ಮ ಭಾಷೆಯಲ್ಲೇ. ಎಡಗೈಯಲ್ಲಿ ಮೇಜಿನ ಮೇಲೆ ತಾಳ ಹಾಕಿಸಿ, ರಾಗ ಎಳೆದು ಹೇಳಿಸಿದರು. "ಪ್ರೇಮ, ನಾ. ಮನೆಗೆ ಬಾ." ಇಪ್ಪತ್ತು ಸಲ. ಮೂವತ್ತು ಸಲ.

ಆ ದಿನ ಇವರು ಹೇಳಲು ಒದ್ದಾಡಿದ್ದೂ ಇದೇ ಇರಬೇಕು.

ಆಮೇಲೆ ನನ್ನನ್ನು ಫೋನ್ ಸಮೇತ ವರಾಂಡಕ್ಕೆ ಕಳಿಸಿದರು. ರಿಂಗಾಯಿತು. ಕೈ ಏಳಲಿಲ್ಲ. ಎದುರು ಕೂತ ಮುದುಕಿ "ಫೋನ್, ಫೋನ್" ಅಂದಿತು. ಎತ್ತಿದೆ.

"ಪ್ರೇಮ... ನಾ... ಮನೆಗೆ... ಬಾ."

ಹೂಂ ಅಂದೆ. ಉಸಿರು ಕೇಳುತ್ತಿತ್ತು. ಎಣಿಸಿದೆ. ಎಂಟಕ್ಕೆ ಇನ್ನೊಂದು ಮಾತು ಬಂತು.

"ಕಟ್... ಮಾಡ್ಬೇಡ."

ಒಳಗೆ ಚಪ್ಪಾಳೆ. "ಇದು ನಾವು ಕಲಿಸಿದ್ದಲ್ಲ ಅಕ್ಕ, ಅವರದ್ದೇ ಸ್ವಂತ ಮಾತು!" ಮೇಡಂ ಮುಖ ಅರಳಿತ್ತು. ನಾನೂ ನಕ್ಕೆ. ನಗಲೇಬೇಕಲ್ಲ.

ರೈಲಿನಲ್ಲಿ ಅತ್ತಿಗೆ ಕೇಳಿದರು, "ಕಟ್ ಮಾಡ್ದು ಯಾರ್?"

ನೆಟ್‌ವರ್ಕ್ ಅಂದೆ.

ಮೇ 31, ಶನಿವಾರ

ಅತ್ತಿಗೆ ಊರಿಗೆ ಹೋದರು. 15ರಲ್ಲಿ 11.

ನನಗೆ ಅನ್ನ ಸೇರುವುದಿಲ್ಲ. ದಿನಕ್ಕೊಂದು ಹೊಸ ಮಾತು ಬರುತ್ತಿದೆ. ಯಾವುದರ ಹಿಂದೆ ಅದು ಬರುತ್ತದೋ... ಬೇರೆಯವರಿಗೆ ಗೊತ್ತಾಗುವ ಮೊದಲು ಇವರ ಹತ್ತಿರ ನಾನೇ ಹೇಳಬೇಕು.

ಜೂನ್ 1, ಭಾನುವಾರ

ಹೇಳಿದೆ. ಅದೇ ಜಗಲಿಯಲ್ಲಿ, ನಮ್ಮ ಭಾಷೆಯಲ್ಲೇ. ಆ ದಿನ ಫೋನ್ ಕಟ್ ಮಾಡಿದ್ದು ನಾನೇ, ಡಾಕ್ಟರಿಗೆ ಸುಳ್ಳು ಹೇಳಿದ್ದೂ ನಾನೇ, ಎಲ್ಲ.

ನಾಲ್ಕು ಎಣಿಸುವಷ್ಟರಲ್ಲಿ ಉತ್ತರ ಬಂತು.

"ಗೊತ್ತುಟ್ಟು."

ಅಷ್ಟೇ. ಸಿಟ್ಟೋ, ಬೇಜಾರೋ? ಮುಖದ ಅರ್ಧ ಅಲುಗುವುದಿಲ್ಲ, ಉಳಿದರ್ಧ ನನಗೆ ಓದಲು ಬರಲಿಲ್ಲ. ಕಾಲು ಹಿಡಿದೆ. ಅಕ್ಕನಿಗೆ ಹೇಳಬೇಡಿ ಅಂದೆ. ಹತ್ತು ಎಣಿಸಿದೆ. ಇಪ್ಪತ್ತು ಎಣಿಸಿದೆ. ಇವರು ಅಂಗಳ ನೋಡುತ್ತಾ ಕೂತರು.

ಜೂನ್ 2, ಸೋಮವಾರ. ಬೆಳಿಗ್ಗೆ 8.40

ಒಂಬತ್ತಕ್ಕೆ ಹೊರಡಬೇಕು. ಗಂಜಿ, ಚಟ್ನಿ ಮುಚ್ಚಿಟ್ಟಿದ್ದೇನೆ. ನೀರಿನ ಬಾಟ್ಲಿ ಎಡಗಡೆ. ಫೋನ್ ಫುಲ್ ಚಾರ್ಜ್. ಒಂದು ಒತ್ತಿದರೆ ನಾನು, ಎರಡು ಒತ್ತಿದರೆ ಅತ್ತಿಗೆ. ಎರಡು ಸಲ ತೋರಿಸಿದೆ. ತಲೆ ಆಡಿಸಿದರು.

ಜಗಲಿಯಲ್ಲಿ ಫೋನ್ ಹೋಗುವ ಸದ್ದು. ಸ್ಪೀಕರಿನಲ್ಲಿ. ಪ್ರ್ಯಾಕ್ಟೀಸ್ ಇರಬೇಕು. ನನ್ನ ಫೋನ್ ಇಲ್ಲೇ ಪುಸ್ತಕದ ಪಕ್ಕದಲ್ಲಿದೆ.

ರಿಂಗಾಗುತ್ತಿಲ್ಲ.

"ಅಕ್ಕಾ... ನಾ."

"ತಮ್ಮಾ! ನೀನೇ ಮಾಡ್ದಾ? ಹೇಳ್, ಹೇಳ್!" ಅತ್ತಿಗೆಯ ದನಿ, ಖುಷಿಯಲ್ಲಿ ಒಡೆದಿದೆ.

"ಆ ದಿನ... ಪ್ರೇಮ..."

ನಿಂತರು. ಮಾತು ಸಿಕ್ಕಿಬಿದ್ದಿದೆ. ಈಗ ಹೋಗಿ ನಡುವೆ ಒಂದು ಮಾತು ಹಾಕಿದರೆ ಮುಗಿಯಿತು. ನೀರು, ಅನ್ನ, ಬಸ್ಸು... ಇಷ್ಟು ದಿನ ಅದನ್ನೇ ಮಾಡಿದ್ದಲ್ಲವಾ. ಹೋಗದೆ ಬರೆಯುತ್ತಾ ಕೂತಿದ್ದೇನೆ. ಅತ್ತಿಗೆಯೂ ಸುಮ್ಮನಿದ್ದಾರೆ. ಕಾಯಬೇಕು ಅಂತ ಮೇಡಂ ಅವರಿಗೂ ಹೇಳಿಕೊಟ್ಟಿದ್ದಾರೆ.

ಒಂದು. ಎರಡು. ಮೂರು. ನಾಲ್ಕು. ಐದು.

ಆರು.

ಏಳು. ಎಂಟು —