ಆಡೂ ಮೂಸದ ತುಳಸಿ

ಕಪ್ಪತಗುಡ್ಡದ ಬುಡ,
೨೨೯೧ರ ಮೃಗಶಿರ ಮಳೆ

ಒಂಬತ್ತು ತಲೆಮಾರು ಹಿಂದಿನ ಹಿರಿಯರೇ,

ಮೊದಲು ಖರ್ಚು ಹೇಳಿಬಿಡುತ್ತೇನೆ: ಮಗಳ ಕಾಲಿನ ಎರಡು ಬೆರಳು, ಸೊಪ್ಪಿಗೆ ಆಡು ಬಾಯಿ ಹಾಕದಂತೆ ಗುಡ್ಡದ ಸುತ್ತ ನಾನು ಹಾಕಿಸಿದ್ದ ಬೇಲಿ, ನಮ್ಮ ಭಟ್ಟಿಯ ಸುವಾಸನೆ. ನನ್ನ ಮಾತು ಅಲ್ಲಲ್ಲಿ ತೊಡಕಾದೀತು, ಮನ್ನಿಸಿ. ಭಾಷೆಯೂ ಎಣ್ಣೆಯ ಹಾಗೆ, ಇಟ್ಟಷ್ಟು ದಿನ ಬಣ್ಣ ತಿರುಗುತ್ತದೆ.

ನಾನು ಫಕೀರವ್ವ. ತಲೆಹೊರೆಯಲ್ಲಿ ಸೊಪ್ಪು ಮಾರಿ ಶುರು ಮಾಡಿದವಳು. ಈಗ ಗಿಡಮೂಲಿಕೆ ಬೇಯಿಸಿ, ಹಬೆಯೊಡನೆ ಏರುವ ತೈಲ ಹಿಡಿಯುವ ನಾಲ್ಕು ಭಟ್ಟಿಗಳ ಒಡತಿ. ನಮ್ಮಲ್ಲಿ ತೈಲಕ್ಕೆ ದರ್ಜೆ ಕಟ್ಟುವವನು ‘ಮೂಗಾಳು’. ಮೂಸುತ್ತಾನೆ, ಸಿಹಿ ವಾಸನೆಗೆ ಮೇಲಿನ ಬೆಲೆ ಹೇಳುತ್ತಾನೆ. ಪದ್ಧತಿ ನಿಮ್ಮ ಕಾಲದ್ದೇ. ಮೂಗಿಗೆ ಹಿತವಾದ ಗಿಡದ ಬೀಜ ಉಳಿಸಿದಿರಿ, ಗಬ್ಬು ನಾರುವುದನ್ನು ಕಳೆಯೆಂದು ಕಿತ್ತಿರಿ. ಹೀಗೆ ಆರಿಸಿ ಆರಿಸಿ ನಮ್ಮ ಪಾಲಿಗೆ ಬಂದದ್ದು ದೇವರ ಕೋಣೆಯಂತೆ ಘಮಘಮಿಸುವ, ಒಂದು ಸೂಕ್ಷ್ಮಾಣುವನ್ನೂ ಹೆದರಿಸದ ತುಳಸಿ.

ನಿಮ್ಮ ಆ್ಯಂಟಿಬಯಾಟಿಕ್ಕುಗಳನ್ನು ನಾವು ‘ಮೊಂಡುಮದ್ದು’ ಎನ್ನುತ್ತೇವೆ, ಅಲಗು ಸವೆದಿದೆ. ಇಂಥ ಕಾಲದಲ್ಲಿ ಮಗಳು ನೀಲಗಂಗಾಳ ಪಾದವನ್ನು ಭಟ್ಟಿಯ ತಗಡು ಕೊಯ್ದಿತು. ಕೀವಾಗಿ ವೈದ್ಯರು ಎರಡು ಬೆರಳು ತೆಗೆದರು. ಇಡೀ ಪಾದ ಕತ್ತರಿಸಲು ದಿನ ಗೊತ್ತುಮಾಡಿದರು. ನಮ್ಮ ಮೊದಲ ದರ್ಜೆಯ ತೈಲ ಸುರಿದದ್ದಾಯಿತು. ಕೀವೂ ಘಮಘಮಿಸಿತು, ಅಷ್ಟೇ.

ಆ ವಾರವೇ ಆಡು, ಎಮ್ಮೆ ಸಾಕುವ ಬೀರವ್ವನ ತುಪ್ಪ ಕೊಂಡಿದ್ದೆ. ಹೋದ ವರ್ಷದ್ದು, ಆದರೂ ಕಮಟಿಲ್ಲ. ನುಗ್ಗೆಸೊಪ್ಪು ಹಾಕಿ ಕಾಸಿದ ತುಪ್ಪವೂ ಇಷ್ಟು ಬಾಳುವುದಿಲ್ಲ. ಇದಕ್ಕೆ ಬೇರೇನೋ ಸೊಪ್ಪು ಬಿದ್ದಿದೆ, ತುಪ್ಪವನ್ನು ಗಾಳಿಗೆ ಕೆಡದಂತೆ ಕಾಯುವ ಅದರ ಖಾರ ಕ್ರಿಮಿಯನ್ನೂ ಕಾಡೀತೆಂದು ಲೆಕ್ಕ ಹಾಕಿ ಅವಳಲ್ಲಿಗೆ ಓಡಿದೆ.

“ಬೆಣ್ಣಿ ಕಾಸೂ ಮುಂದ ಗಬ್ಬುತುಳಸಿ ಎಲಿ ಒಗಿತೀನಿ. ಆಡೂ ಮೂಸಂಗಿಲ್ಲ ಅದನ್ನ,” ಎಂದಳು. “ನಿನ್ನ ಬೇಲಿ ಒಳಗ ಐತಿ, ಸಾವಕಾರ್ತಿ. ಕದ್ದ ತರತೀನಿ. ಮೊದ್ಲ ಬೇಲಿ ಕೀಳಸು, ಆಮ್ಯಾಲ ಗಿಡಾ ತೋರಸ್ತೀನಿ.”

“ಮಗಳ ಕಾಲ ಹೊಂಟೈತಬೇ!” ಎಂದೆ.

“ನನ್ನ ಆಡಿಗೂ ಕಾಲ ಅದಾವಬೇ, ನಾಕನಾಕ. ಮೇವ ಎಲ್ಲೈತಿ?”

ಸಂಜೆಯೊಳಗೆ ಬೇಲಿ ಬಿತ್ತು. ಆ ಎಲೆಯ ತೈಲವನ್ನು ಮೂಗಾಳು ಕೊನೆಯ ದರ್ಜೆಗೆ ತಳ್ಳಿ, ಕಣ್ಣೊರೆಸಿಕೊಳ್ಳುತ್ತ ಹೊರಗೋಡಿದ. ಕೊಬ್ಬರಿ ಎಣ್ಣೆಯಲ್ಲಿ ತೆಳುಮಾಡಿ ಹಚ್ಚುತ್ತ ಬಂದೆವು. ಗೊತ್ತುಮಾಡಿದ ದಿನ ವೈದ್ಯರು ಗಾಯ ನೋಡಿ ಗರಗಸ ಕೆಳಗಿಟ್ಟರು.

ಹಿರಿಯರೇ, ನಿಮ್ಮ ಕಾಲದ ಗುಡ್ಡದಲ್ಲಿ ಈ ಗಿಡ ಇನ್ನೂ ದಂಡಿಯಾಗಿದೆ. ಮೂಗು ಮುಚ್ಚಿಕೊಂಡಾದರೂ ಅದರ ಬೀಜ ಉದುರಲು ಬಿಡಿ.

ಕೊನೆಯ ಲೆಕ್ಕ ಇಷ್ಟು. ಬೀರವ್ವನಿಗೆ ಗುಡ್ಡ, ಅವಳ ಆಡುಗಳಿಗೆ ಮೇವು. ಮೂಗಾಳಿಗೆ ನೆಗಡಿ. ನೀಲಗಂಗಾಳಿಗೆ ನಡಿಗೆ, ತುಸು ಕುಂಟು. ನನಗೆ, ಅಂಗಳದಲ್ಲಿ ಆ ಹೆಜ್ಜೆಯ ಸಪ್ಪಳ: ಒಂದು ಜೋರು, ಒಂದು ಮೆಲ್ಲಗೆ.