ನೀರಿಗೆ ಬಿದ್ದ ಮುತ್ತಜ್ಜ

ಉಣಕಲ್, ಹುಬ್ಬಳ್ಳಿ
18 ಫೆಬ್ರುವರಿ 2025

ನನ್ನ ಮುದ್ದು ಮಮ್ಮಿ,

ಇಂಗ್ಲಿಷ್ ಮೀಡಿಯಂ ಹುಡುಗಿಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆಯಲು ಬರುವುದಿಲ್ಲ ಅನ್ನುತ್ತಿದ್ದೆಯಲ್ಲ, ತಗೋ, ಎರಡು ಪುಟ! ಫೋನಿನಲ್ಲಿ ಹೇಳುವಂತಿಲ್ಲ, ಈ ಮನೆಯಲ್ಲಿ ಎಲ್ಲರಿಗೂ ಎಲ್ಲವೂ ಕೇಳಿಸುತ್ತದೆ. ಮೂರು ವಾರದ ಹಿಂದೆ ನನ್ನ ದನಿ ಕೇಳಿ ನೀನು ಗಾಬರಿಯಾದಾಗ ನೆಗಡಿ ಅಂದಿದ್ದೆ. ಸುಳ್ಳು. ಅತ್ತಿದ್ದೆ.

ನಮ್ಮ ದೇವರ ಜಗಲಿಯ ಪಕ್ಕ ಮುತ್ತಜ್ಜನ ಚಿತ್ರವಿದೆಯಲ್ಲ? ಗಡ್ಡ, ರುಮಾಲು, ಉದ್ದ ಮೂಗು. ಅರಳೆ ವ್ಯಾಪಾರ ಮಾಡಿ ಈ ಮನೆ ಕಟ್ಟಿಸಿದವರು. ನನ್ನ ಗುರುಪಾದನ (ನೀನು ಬೈದರೂ ಹೆಸರು ಹಿಡಿದೇ ಬರೆಯುತ್ತೇನೆ) ಮೂಗು ಅಲ್ಲಿಂದಲೇ ಬಂದದ್ದಂತೆ. ಪ್ರತಿ ಸೋಮವಾರ ಅವನ ಅಜ್ಜಿ, ದಾನವ್ವ ಆಯಿ, ಆ ಗಾಜಿಗೆ ವಿಭೂತಿ ಹಚ್ಚುತ್ತಾರೆ. ಪದರದ ಮೇಲೆ ಪದರ ಕೂತು ಮುಖ ಮಸುಕುಮಸುಕಾಗಿಯಷ್ಟೇ ಕಾಣುತ್ತಿತ್ತು. ಆಯಿಗೆ ಖುಷಿಯಾಗಲಿ ಎಂದು ನಾನು, ನಿನ್ನ ಜಾಣೆ, ಅವರು ಮಠಕ್ಕೆ ಹೋದಾಗ ಚಿತ್ರವನ್ನು ನಳದ ಕೆಳಗಿಟ್ಟು ಪಾತ್ರೆಯ ಸಾಬೂನಿನಿಂದ ತಿಕ್ಕಿಬಿಟ್ಟೆ. ಚೌಕಟ್ಟಿನೊಳಗೆ ನೀರು ನುಗ್ಗಿತು. ಮುತ್ತಜ್ಜ ತೊಪ್ಪೆಯಾದರು. ಮದುವೆಯಾಗಿ ಮೂರನೇ ತಿಂಗಳಿಗೇ ಈ ಮನೆಯ ಹಿರಿಯರನ್ನು ಹಾಳು ಮಾಡಿಬಿಟ್ಟೆನಲ್ಲ!

ಪಕ್ಕದ ಮನೆಯ ಬಿಂದುಮಾಧವ ಕಾಕಾ ಧಾರವಾಡದ ಒಂದು ಸಂಗ್ರಹಾಲಯದಲ್ಲಿ ಮೂವತ್ತು ವರ್ಷ ಹಳೆಯ ಚಿತ್ರಗಳ ಪಟ್ಟಿ ಮಾಡಿದವರು. ಅಳುತ್ತಾ ಅವರಲ್ಲಿಗೆ ಓಡಿದೆ. ಅವರು ಹಸಿ ಕಾಗದವನ್ನು ಬಿಳಿ ಬಟ್ಟೆಯ ಮೇಲೆ ಹಾಸಿ, ಮಸೂರ ಹಿಡಿದು ಬಹಳ ಹೊತ್ತು ನೋಡಿದರು.

"ಪೂನಮ್, ಇದು ಫೋಟೋ ಅಲ್ಲವ್ವಾ. ಫೋಟೋ ಆಗಿದ್ದರ ಮಾರಿ ತೊಳದು ಹೋಗಿರ್ತಿತ್ತು."

ತಾಮ್ರದ ತಗಡಿನ ಮೇಲೆ ಗೆರೆ ಕೊರೆದು ಒತ್ತಿದ ಅಚ್ಚಂತೆ ಅದು. ಸುತ್ತಲೂ ತಗಡಿನ ಅಂಚು ಒತ್ತಿದ ಗುರುತು ತೋರಿಸಿದರು. ಚಿಂದಿಬಟ್ಟೆಯಿಂದ ಮಾಡಿದ ಕಾಗದವಾದ್ದರಿಂದ ನೀರಿಗೆ ಜಗ್ಗಲಿಲ್ಲ. ಒಣಗಿದ ಮೇಲೆ ಕಿಟಕಿಯ ಬೆಳಕಿಗೆ ಹಿಡಿದರೆ, ಕಾಗದದೊಳಗೆ ಒಂದು ಕಿರೀಟ! ಕಾಗದ ಮಾಡುವಾಗಲೇ ಮೂಡಿಸುವ ಗುರುತಂತೆ. ಕಾಕಾ ಅದನ್ನೆಲ್ಲ ಅಳೆದು, ಫೋಟೋ ತೆಗೆದು, ಹಾಲೆಂಡಿನ ಪರಿಚಯದವರಿಗೆ ಕಳಿಸಿದರು. ಆಯಿ ಮಠದಿಂದ ಬರುವಷ್ಟರಲ್ಲಿ ನಾನು ಚಿತ್ರವನ್ನು ಚೌಕಟ್ಟಿಗೆ ಸೇರಿಸಿ, ಗಾಜಿಗೆ ವಿಭೂತಿ ಬಳಿದು, ಗೋಡೆಗೆ ತೂಗುಹಾಕಿದ್ದೆ. ನಿನ್ನೆ ಉತ್ತರ ಬಂತು. ಚಿತ್ರದಲ್ಲಿರುವುದು ಹೆಚ್ಚುಕಡಿಮೆ ನಾಲ್ಕುನೂರು ವರ್ಷ ಹಿಂದಿನ ಅಲ್ಲಿಯ ಬಟ್ಟೆ ವ್ಯಾಪಾರಿ. ಆಮೇಲಿನ ಪ್ರತಿಗಳಲ್ಲಿ ಕೆಳಗೆ ಅವನ ಹೆಸರು ಕೊರೆದಿದ್ದಾರೆ, ಇದು ಅದಕ್ಕೂ ಮೊದಲಿನದು. ಇಂಥವು ಜಗತ್ತಿನಲ್ಲಿ ನಾಲ್ಕೇ ಇದ್ದವು, ನಮ್ಮದು ಐದನೆಯದು. ರುಮಾಲು ರುಮಾಲಲ್ಲ, ಟೋಪಿ.

ನನಗೆ ಸಂತೋಷವೇ ಆಗಲಿಲ್ಲ. ಆಯಿ ವಿಭೂತಿ ಹಚ್ಚುವ ಮುತ್ತಜ್ಜನನ್ನು ಎರಡನೇ ಸಲ ಕಸಿದುಕೊಂಡಂತಲ್ಲವೇ? ಸಂಜೆ ಕಾಕಾನ ಎದುರೇ, ನಳದಿಂದ ಹಿಡಿದು ಎಲ್ಲವನ್ನೂ ಹೇಳಿಬಿಟ್ಟೆ. ಆಯಿ ಬೈಯಲಿಲ್ಲ. ನೀರು ಬಿದ್ದರೂ ಮುಖ ಹಾಗೇ ಉಳಿಯಿತೇ ಎಂದು ಎರಡೆರಡು ಸಲ ಕೇಳಿದರು. ಅರಳೆ ಕೊಳ್ಳಲು ಬರುತ್ತಿದ್ದ ಸಾಹೇಬನೊಬ್ಬ ಊರಿಗೆ ಮರಳುವಾಗ ಮುತ್ತಜ್ಜನಿಗೆ ಕೊಟ್ಟ ಚಿತ್ರವಿರಬೇಕು ಅಂದರು. ಅಷ್ಟು ಬೇಗ ಹೇಗೆ ಹೊಳೆಯಿತೋ! ಆಮೇಲೆ ನನ್ನ ಕೈ ಹಿಡಿದುಕೊಂಡರು.

"ಅಂವ ಯಾರರೆ ಇರಲಿ. ನೀ ಬಂದು ಮೂರು ತಿಂಗಳಾತು, ನಮ್ಮಾಕಿ ಆದಿ. ಅಂವ ಬಂದು ನೂರು ವರ್ಷ ಆತು. ಇದ್ದಲ್ಲೇ ಇರಲಿ."

ಮಮ್ಮಿ, ಎಷ್ಟು ಹಗುರವಾದೆ ಗೊತ್ತಾ! ಕಾಕಾ ಪಟ್ಟಿಯಲ್ಲಿ ಅಳತೆ, ಕಾಗದ, ಕಿರೀಟದ ಗುರುತು ಎಲ್ಲ ಬರೆದು, ಕೆಳಗೆ "ಮನೆಯಲ್ಲಿ ಕರೆಯುವ ಹೆಸರು: ಮುತ್ತಜ್ಜ" ಎಂದೂ ಸೇರಿಸಿದರು. ಗುರುಪಾದ ಮಾತ್ರ ಬೆಳಗಿನಿಂದ ಕನ್ನಡಿಯಲ್ಲಿ ಮೂಗು ನೋಡಿಕೊಳ್ಳುತ್ತಿದ್ದಾನೆ.

ನೆಗಡಿಯೂ ಇಲ್ಲದ, ಅಳುವೂ ಇಲ್ಲದ, ನಿನ್ನ
ಪೂನಮ್

ತಾ.ಕ.: ಇದನ್ನು ಓದಿ ಹರಿದುಹಾಕು. ಪತ್ರ ಮುಗಿಸಿದ ಮೇಲೆ, ಇವತ್ತು ಅಡುಗೆಮನೆಯಲ್ಲಿ ಆಯಿ ನನಗೊಬ್ಬಳಿಗೇ ಹೇಳಿದರು. ಆ ಚೌಕಟ್ಟಿನಲ್ಲಿ ಮೊದಲು ಮುತ್ತಜ್ಜನ ನಿಜವಾದ ಫೋಟೋ ಇತ್ತಂತೆ. ಮದುವೆಯಾಗಿ ಬಂದ ಹೊಸತರಲ್ಲಿ, ಒಂದು ಸೋಮವಾರ, ಆಯಿ ಅದನ್ನು ಒದ್ದೆ ಬಟ್ಟೆಯಿಂದ ಒರೆಸಿದರು. ಮುಖವೇ ಬಟ್ಟೆಗೆ ಬಂತು. ಹೆದರಿ, ಸಾಹೇಬ ಕೊಟ್ಟು ಟ್ರಂಕಿನಲ್ಲಿ ಬಿದ್ದಿದ್ದ ಚಿತ್ರ ಹಾಕಿ ಗಾಜಿಗೆ ದಪ್ಪಗೆ ವಿಭೂತಿ ಬಳಿದರು. ಅತ್ತೆಗೆ ಕಣ್ಣು ಮಂಜು, ಗಂಡ ಹುಟ್ಟುವ ಮೊದಲೇ ಮುತ್ತಜ್ಜ ತೀರಿಕೊಂಡಿದ್ದರು. ಹತ್ತಿರಹತ್ತಿರ ಎಪ್ಪತ್ತು ವರ್ಷ ಯಾರಿಗೂ ಹೇಳಿರಲಿಲ್ಲ. "ನಿಂದು ನೀರಾಗ ಉಳೀತು, ನಂದು ಅಳಿಸಿ ಹೋತು" ಎಂದು ಸೆರಗು ಬಾಯಿಗೊತ್ತಿ ನಕ್ಕರು, ಅತ್ತರು, ಮತ್ತೆ ನಕ್ಕರು. ಕಾಕಾನ ಪಟ್ಟಿಯಲ್ಲಿ "ಗೋಡೆಗೆ ಬಂದ ಬಗೆ" ಎಂಬ ಜಾಗವೊಂದಿದೆ. ಅದನ್ನು ನಾವಿಬ್ಬರೂ ಸೇರಿ ಖಾಲಿ ಬಿಡಿಸಿದ್ದೇವೆ.